ಲಿನಕ್ಸ್ ಗುಡಿಸಿ ಹಾಕಿದ ಒಂದು ನಿಮಿಷ

ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನ ಮನೆಯ ಕಪಾಟಿನಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬವೊಂದಿದೆ. ಅದರೊಳಗೆ 23 ಕ್ಯಾಸೆಟ್‌ಗಳು. 1980ರ ದಶಕದಲ್ಲಿ ಮುಂಬಯಿಯ ಮಳೆಗಾಲದ ತಾಳಮದ್ದಲೆ ಕೂಟಗಳಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಮಾವ ತಾವೇ ರೆಕಾರ್ಡ್ ಮಾಡಿದವು. ಅದರಲ್ಲಿ ಒಂದರ ಮೇಲೆ ನೀಲಿ ಶಾಯಿಯಲ್ಲಿ ‘ವಾಲಿವಧೆ, ಅಪ್ಪನ ವಾಲಿ’ ಎಂದು ಬರೆದಿದೆ.

ಅಪ್ಪ ಎಂದರೆ ನನ್ನ ಅಜ್ಜ. ಹಗಲು ಫೋರ್ಟಿನ ಕ್ಯಾಂಟೀನೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ರಾತ್ರಿ ಅರ್ಥ ಹೇಳುತ್ತಿದ್ದರು. ದೊಡ್ಡ ಅರ್ಥಧಾರಿಯೇನಲ್ಲ. ಊರಿನಿಂದ ಬಂದ ಹೆಸರಾಂತ ಕಲಾವಿದರ ನಡುವೆ ಒಂದು ಪಾತ್ರಕ್ಕೆ ಜನ ಕಡಿಮೆ ಬಿದ್ದರೆ ‘ಇವರನ್ನು ಕೂರಿಸಿ’ ಎನ್ನುವಷ್ಟರವರು. ಅವರ ದನಿ ಉಳಿದಿರುವುದು ಈ ಒಂದೇ ಕ್ಯಾಸೆಟ್ಟಿನಲ್ಲಿ. ಮಾವನಿಗೆ ಈಗ 74. ‘ನಾನಿರುವಾಗಲೇ ಇದನ್ನು ಮೊಬೈಲಿಗೆ ಹಾಕಿಕೊಡು ಮಾರಾಯ’ ಎಂದು ಡಬ್ಬವನ್ನು ನನ್ನ ಕೈಗಿತ್ತರು. ನಾನು ಕಂಪ್ಯೂಟರಿನ ಕೆಲಸದವನು, ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ಸರ್ವರ್ ನೋಡಿಕೊಳ್ಳುವವನು. ಇದೆಲ್ಲ ನನಗೆ ಎಷ್ಟರ ಮಾತು!

ಒಂದು ಭಾನುವಾರ ಟೇಪ್ ರೆಕಾರ್ಡರನ್ನು ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶ ತೆರೆದು, ಕೆಂಪು ಗುಂಡಿ ಒತ್ತಿದೆ. 90 ನಿಮಿಷದ ಕ್ಯಾಸೆಟ್. ಎ ಬದಿಯ 45 ನಿಮಿಷ ಸರಾಗವಾಗಿ ಇಳಿಯಿತು. ತಿರುಗಿಸಿ ಹಾಕಿ ಹತ್ತು ನಿಮಿಷವಾಗಿರಬಹುದು, ದನಿ ಎಳೆದ ಹಾಗಾಯಿತು. ಟೇಪು ರೋಲರಿಗೆ ಸುತ್ತಿಕೊಂಡಿತ್ತು. ಬಿಡಿಸುವ ಗಡಿಬಿಡಿಯಲ್ಲಿ ಹರಿದೂ ಹೋಯಿತು.

ಕ್ಯಾಸೆಟ್ ಕಾಲದವರಿಗೆ ಗೊತ್ತಿರುತ್ತದೆ, ಎರಡೂ ಬದಿ ಇರುವುದು ಒಂದೇ ಪಟ್ಟಿಯ ಮೇಲೆ. ಬಿ ಬದಿಯ ಹತ್ತನೇ ನಿಮಿಷ ಎಂದರೆ ಎ ಬದಿಯ ಮೂವತ್ತೈದನೇ ನಿಮಿಷ. ಸುಮಾರು ಒಂಬತ್ತು ಅಡಿ ಟೇಪು ಚಕ್ಕುಲಿಯಂತೆ ಮುದುಡಿತ್ತು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂಬತ್ತು ಅಡಿ ಎಂದರೆ ಹತ್ತಿರ ಹತ್ತಿರ ಒಂದು ನಿಮಿಷ. ಆ ಭಾಗ ಆಗಲೇ ಕಂಪ್ಯೂಟರಿಗೆ ಇಳಿದಿದೆಯಲ್ಲ ಎಂದು ಅಷ್ಟನ್ನು ಕತ್ತರಿಯಲ್ಲಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಉಳಿದ ಎರಡು ತುದಿಗಳನ್ನು ಅಂಟಿಸಿದೆ. ಈ ಲೇಖನದಲ್ಲಿ ತಪ್ಪು ಎಂದು ಏನಾದರೂ ಇದ್ದರೆ ಅದು ಆ ಕತ್ತರಿ. ಉಳಿದದ್ದೆಲ್ಲ ನಿಯಮದ ಪ್ರಕಾರವೇ ನಡೆದಿದೆ.

ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಹಾಗೇ ತೆರೆದಿತ್ತು. ಸೇವ್ ಮಾಡಿರಲಿಲ್ಲ. ಬೆಳಗಿನ ಜಾವ ಚೆನ್ನೈಗೆ ಹೊರಡುವುದಿತ್ತು, ಆಫೀಸಿನ ಕೆಲಸ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮಲಗಿದೆ. ಚಾರ್ಜರ್ ಹಾಕಿರಲಿಲ್ಲ, ಒಂದೆರಡು ದಿನದಲ್ಲಿ ಬ್ಯಾಟರಿ ಸತ್ತು ಅದು ತಾನಾಗಿ ಆರಿರಬೇಕು. ಎರಡು ವಾರದ ಚೆನ್ನೈ ಕೆಲಸ ಆರು ವಾರವಾಯಿತು. 43ನೇ ದಿನ ಮನೆಗೆ ಬಂದು ಲ್ಯಾಪ್‌ಟಾಪ್ ಹಾಕಿ, ಅದು ಎದ್ದೇಳುವಷ್ಟರಲ್ಲಿ ಚಹಾ ಮಾಡೋಣವೆಂದು ಹೋದೆ. ಅಷ್ಟರಲ್ಲಿ ಮಾವನ ಫೋನು. ಅವರ ಫೋನೆಂದರೆ ಅರ್ಧ ಗಂಟೆ. ಮುಗಿಸಿ ಬಂದು ಆಡಾಸಿಟಿ ತೆರೆದೆ. ಅರ್ಧಕ್ಕೆ ನಿಂತ ರೆಕಾರ್ಡಿಂಗ್ ಇದ್ದರೆ ಆಡಾಸಿಟಿ ತೆರೆದ ಕೂಡಲೇ ‘ಇದನ್ನು ಮರಳಿ ತರಲೇ?’ ಎಂದು ಕೇಳುತ್ತದೆ. ಅವತ್ತು ಏನನ್ನೂ ಕೇಳಲಿಲ್ಲ. ಖಾಲಿ ಪರದೆ.

‘ನೀವು ಸೇವ್ ಮಾಡಿದ್ದಿರಿ ತಾನೆ?’ ಎಂದಳು ಹೆಂಡತಿ.

ಯಾರು ಅಳಿಸಿದರು?

ಮೊದಲು ಆಡಾಸಿಟಿಯ ಮೇಲೆ ಅನುಮಾನ ಬಂತು. ಆಮೇಲೆ ಮಗನ ಮೇಲೆ. ಅವನು ಪಾಪ, ಆ ಲ್ಯಾಪ್‌ಟಾಪನ್ನು ಮುಟ್ಟುವುದೇ ಇಲ್ಲ, ಅದರಲ್ಲಿ ಆಟಗಳಿಲ್ಲ ಎಂದು. ಕೊನೆಗೆ, ಆಫೀಸಿನಲ್ಲಿ ಬೇರೆಯವರಿಗೆ ದಿನಾ ಹೇಳುವುದನ್ನು ನನಗೇ ಹೇಳಿಕೊಂಡೆ: ಫೈಲು ಎಲ್ಲಿತ್ತು ಎಂದು ಮೊದಲು ನೋಡು.

ಸೇವ್ ಮಾಡದ ರೆಕಾರ್ಡಿಂಗನ್ನು ಲಿನಕ್ಸಿನ ಆಡಾಸಿಟಿ ಇಡುವುದು ‘ವಾರ್’ ಎಂಬ ಫೋಲ್ಡರಿನ ಒಳಗಿನ ‘ಟೆಂಪ್’ ಫೋಲ್ಡರಿನಲ್ಲಿ. ಟೈಪ್ ಮಾಡುವಾಗ ಟಿ, ಎಂ, ಪಿ ಎಂಬ ಮೂರೇ ಅಕ್ಷರ. ಲಿನಕ್ಸಿನಲ್ಲಿ ಇಂಥ ಟೆಂಪ್ ಎರಡಿವೆ. ಒಂದು ಎಲ್ಲಕ್ಕೂ ಮೇಲಿನ ಮಟ್ಟದಲ್ಲಿರುವ ಬರೀ ಟೆಂಪ್. ಇನ್ನೊಂದು ಈ ವಾರ್ ಟೆಂಪ್. ಎರಡೂ ಊರಿನ ಛತ್ರದ ಹಾಗೆ. ಯಾರು ಬೇಕಾದರೂ ಬಂದು ಗಂಟು ಇಡಬಹುದು, ಒಬ್ಬರ ಗಂಟನ್ನು ಇನ್ನೊಬ್ಬರು ಎಸೆಯುವಂತಿಲ್ಲ. ಆದರೆ ಛತ್ರದ ಮೇಸ್ತ್ರಿ ಎಸೆಯಬಹುದು. ಲಿನಕ್ಸಿನ ಫೋಲ್ಡರುಗಳು ಹೇಗಿರಬೇಕು ಎಂದು ಹೇಳುವ ಒಪ್ಪಂದದ ಪ್ರಕಾರ ಬರೀ ಟೆಂಪಿನಲ್ಲಿ ಇಟ್ಟದ್ದು ನಾಳೆಯೂ ಇರುತ್ತದೆಂದು ಯಾವ ಪ್ರೋಗ್ರಾಮೂ ನಂಬಬಾರದು. ವಾರ್ ಟೆಂಪಿನಲ್ಲಿ ಇಟ್ಟದ್ದು ಕಂಪ್ಯೂಟರ್ ಆರಿಸಿ ಹಾಕಿದ ಮೇಲೂ ಉಳಿಯಬೇಕು. ಎಷ್ಟು ದಿನ ಎಂಬುದನ್ನು ಆ ಒಪ್ಪಂದ ಹೇಳುವುದಿಲ್ಲ. ಅದನ್ನು ಆಯಾ ಮೇಸ್ತ್ರಿಗೆ ಬಿಟ್ಟಿದೆ.

ಈಗಿನ ಬಹುಪಾಲು ಲಿನಕ್ಸ್‌ಗಳಲ್ಲಿ ಆ ಮೇಸ್ತ್ರಿಯ ಹೆಸರು ಸಿಸ್ಟಮ್‌ಡಿ-ಟೆಂಪ್‌ಫೈಲ್ಸ್. ಅದು ತಾನಾಗಿ ಬಂದಾಗ ತರುವ ನಿಯಮ ಎರಡೇ ಸಾಲಿನದು: ಬರೀ ಟೆಂಪಿನಲ್ಲಿ 10 ದಿನ, ವಾರ್ ಟೆಂಪಿನಲ್ಲಿ 30 ದಿನ. ಅದಕ್ಕಿಂತ ಹಳೆಯದಾದರೆ ಗುಡಿಸು. ಗುಡಿಸುವ ಹೊತ್ತೂ ಗೊತ್ತುಮಾಡಿದ್ದೇ: ಕಂಪ್ಯೂಟರ್ ಎದ್ದ 15 ನಿಮಿಷಕ್ಕೆ ಒಮ್ಮೆ, ಆಮೇಲೆ ದಿನಕ್ಕೊಮ್ಮೆ.

ಹದಿನೈದು ನಿಮಿಷ! ಅದನ್ನು ಓದಿದಾಗ ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ಲ್ಯಾಪ್‌ಟಾಪ್ ಹಾಕಿದಾಗ ಅಜ್ಜನ ವಾಲಿ ಅದರೊಳಗೆ ಇದ್ದ. 43 ದಿನ ಮುಚ್ಚಳದೊಳಗೆ ಏನೂ ಆಗದೆ ಇದ್ದ. ನಾನು ಮಾವನ ಜೊತೆ ಅವರ ಮೊಣಕಾಲು ನೋವಿನ ವಿಷಯ ಮಾತಾಡುತ್ತಿದ್ದಾಗ, ಒಳಗಿನ ಗಡಿಯಾರ ದಿನಾಂಕ ನೋಡಿ, 30ಕ್ಕಿಂತ 43 ದೊಡ್ಡದೆಂದು ಲೆಕ್ಕ ಹಾಕಿ, ಗುಡಿಸಿತು. ಕಂಪ್ಯೂಟರ್ ಆರಿಸಿಟ್ಟರೆ ದಿನಗಳು ಎಣಿಕೆಗೆ ಬರುವುದಿಲ್ಲ ಎಂದು ನಮ್ಮೊಳಗೆ ಎಲ್ಲೋ ಒಂದು ನಂಬಿಕೆ ಇರುತ್ತದೆ. ಬರುತ್ತವೆ. ಫೈಲಿನ ಮೇಲೆ ಬರೆದಿರುವುದು ತಾರೀಖು, ದುಡಿದ ಗಂಟೆಗಳಲ್ಲ.

ಇದನ್ನು ಸಾಬೀತು ಮಾಡುವುದು ಅಷ್ಟು ಸುಲಭವಲ್ಲ. ಜರ್ನಲ್, ಅಂದರೆ ಸಿಸ್ಟಮ್‌ಡಿಯ ದಿನಚರಿ, ತಾತ್ಕಾಲಿಕ ಫೋಲ್ಡರುಗಳನ್ನು ಶುಚಿ ಮಾಡಿದ್ದು ಇಷ್ಟು ಗಂಟೆಗೆ ಎಂದಷ್ಟೇ ಹೇಳುತ್ತದೆ. ಯಾವ ಯಾವ ಫೈಲು ಹೋಯಿತು ಎಂದು ಬರೆದಿಡುವುದಿಲ್ಲ. ನನ್ನ ಜರ್ನಲಿನಲ್ಲಿ ಆ ಸಂಜೆ 6:52ಕ್ಕೆ ಕಂಪ್ಯೂಟರ್ ಎದ್ದಿದೆ, 7:07ಕ್ಕೆ ಶುಚಿ ಕಾರ್ಯ. ಕಳ್ಳನ ಕೈಬರಹ ಸಿಗಲಿಲ್ಲ, ಆದರೆ ಬಂದುಹೋದ ಹೊತ್ತು ಸಿಕ್ಕಿತು.

ಮರಳಿ ತರುವ ಪ್ರಯತ್ನವನ್ನೂ ಮಾಡಿದೆ. ಫೋಟೊರೆಕ್ ಎಂಬ ಸಲಕರಣೆ ಅಳಿಸಿದ ಫೈಲುಗಳ ಚೂರುಗಳನ್ನು ಡಿಸ್ಕಿನಿಂದ ಹೆಕ್ಕುತ್ತದೆ. ಹೊಸ ಆಡಾಸಿಟಿಯ ಪ್ರಾಜೆಕ್ಟ್ ಫೈಲೆಂದರೆ ಒಳಗಿನಿಂದ ಒಂದು ಎಸ್‌ಕ್ಯೂಲೈಟ್ ಡೇಟಾಬೇಸು. ಹಾಗಾಗಿ ಆ ಜಾತಿಯ ಚೂರುಗಳನ್ನು ಹುಡುಕಿಸಿದೆ. ಸಿಕ್ಕಿದ್ದೆಲ್ಲ ಬ್ರೌಸರಿನವು. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ‘ಇದು ಖಾಲಿ’ ಎಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಎಂಬ ಏರ್ಪಾಡಿದೆ. ತಿಳಿಸಿದ ಮೇಲೆ ಹಳೆಯದು ಸಿಗುವ ಆಸೆ ಬಿಡಬೇಕು. ಹಳೆಯ ತಿರುಗುವ ಹಾರ್ಡ್‌ಡಿಸ್ಕಾಗಿದ್ದರೆ ಒಂದಿಷ್ಟಾದರೂ ಸಿಗುತ್ತಿತ್ತೇನೋ.

ಮಾವನಿಗೆ ಹೇಳಲೇಬೇಕಿತ್ತು. ಕ್ಯಾಸೆಟ್ ಇನ್ನೂ ಇದೆ, ಮತ್ತೆ ರೆಕಾರ್ಡ್ ಮಾಡುತ್ತೇನೆ, ಆದರೆ ನಡುವಿನ ಒಂದು ನಿಮಿಷ ಹೋಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅಲ್ಲ ಮಾರಾಯ, ನನ್ನ ಕಪಾಟಿನಲ್ಲಿ ನಲವತ್ತು ವರ್ಷ ಇತ್ತು. ನಿನ್ನ ಕಂಪ್ಯೂಟರಿನಲ್ಲಿ ನಲವತ್ತು ದಿನ ಉಳಿಯಲಿಲ್ಲವಾ?’

ಒಂದು ಫೈಲಿಗೆ ಎಷ್ಟು ವಯಸ್ಸು?

ಇಂಥ ದೂರು ನನ್ನೊಬ್ಬನದಲ್ಲ. ‘ನಾನು ಇಟ್ಟ ಫೈಲು ಮಾಯವಾಯಿತು’ ಎಂದು ನನ್ನ ಮೇಜಿಗೆ ಬರುವವರು ವರ್ಷಕ್ಕೆ ಹತ್ತಾರು ಮಂದಿ. ಎಲ್ಲರ ಕಥೆಗೂ ಒಂದೇ ಉತ್ತರವಿಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಫೈಲಿನ ವಯಸ್ಸಿನ ವಿಷಯದಲ್ಲಿ.

ಪ್ರತಿ ಫೈಲಿನ ಮೇಲೂ ಲಿನಕ್ಸ್ ಕನಿಷ್ಠ ಮೂರು ತಾರೀಖು ಬರೆದಿಡುತ್ತದೆ. ಒಳಗಿನ ವಿಷಯ ಕೊನೆಯ ಬಾರಿ ಬದಲಾದದ್ದು ಎಂ-ಟೈಮ್. ಯಾರೋ ಅದನ್ನು ಓದಿದ್ದು ಎ-ಟೈಮ್. ಫೈಲಿನ ಹೆಸರು, ಮಾಲೀಕ, ಅನುಮತಿ ಹೀಗೆ ಅದರ ದಾಖಲೆಯಲ್ಲಿ ಏನಾದರೂ ಬದಲಾದದ್ದು ಸಿ-ಟೈಮ್. ಕೆಲವು ಫೈಲ್ ಸಿಸ್ಟಮ್‌ಗಳಲ್ಲಿ ಹುಟ್ಟಿದ ತಾರೀಖೂ ಇರುತ್ತದೆ. ಸ್ಟ್ಯಾಟ್ ಎಂಬ ಆದೇಶದ ಮುಂದೆ ಫೈಲಿನ ಹೆಸರು ಕೊಟ್ಟರೆ ಎಲ್ಲವೂ ಕಾಣುತ್ತವೆ. ಸಿಸ್ಟಮ್‌ಡಿಯ ಮೇಸ್ತ್ರಿ ಒಂದು ಫೈಲನ್ನು ಹಳೆಯದು ಎನ್ನಬೇಕಾದರೆ ಈ ತಾರೀಖುಗಳೆಲ್ಲವೂ ಹಳೆಯವಾಗಿರಬೇಕು. ಒಂದಾದರೂ ಹೊಸದಿದ್ದರೆ ಬಿಟ್ಟುಬಿಡುತ್ತಾನೆ. ಆ ಮಟ್ಟಿಗೆ ಅವನು ಎಚ್ಚರಿಕೆಯವನು.

ಆದರೆ ಎಲ್ಲ ಕಡೆ ಗುಡಿಸುವವನು ಅವನೇ ಅಲ್ಲ. ಹೈದರಾಬಾದಿನಲ್ಲಿರುವ ನಮ್ಮ ಕಡೆಯ ಗೆಳೆಯನೊಬ್ಬ ಒಮ್ಮೆ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ್ದ. ಅವನ ಆಫೀಸಿನಲ್ಲಿ ಹಳೆಯ ಜಿಪ್ ಫೈಲುಗಳನ್ನು ಟೆಂಪಿನಲ್ಲಿ ಬಿಚ್ಚಿ, ಬೆಳಗಾಗುವಷ್ಟರಲ್ಲಿ ಲೆಕ್ಕ ತೆಗೆಯುವ ಕೆಲಸ. ಮೂರು ದಿನದಿಂದ, ಬಿಚ್ಚಿದ ಫೈಲುಗಳು ನಾಲ್ಕು ಗಂಟೆಗೆ ಮಾಯ. ‘ಹತ್ತು ದಿನ ಬಿಡಿ, ಆರು ಗಂಟೆಯೂ ಆಗಿಲ್ಲ. ಎಂಥ ಅನ್ಯಾಯ ಇದು!’ ಎಂದ. ನೋಡಿದರೆ, ವರ್ಷಗಳ ಹಿಂದೆ ಯಾರೋ ಬರೆದಿಟ್ಟ ಒಂದು ಕ್ರಾನ್ ಕೆಲಸ ಅಲ್ಲಿ ಪ್ರತಿದಿನ ನಾಲ್ಕಕ್ಕೆ ಓಡುತ್ತಿತ್ತು. ಫೈಂಡ್ ಎಂಬ ಆದೇಶದಿಂದ, ಎಂ-ಟೈಮ್ ಹತ್ತು ದಿನಕ್ಕಿಂತ ಹಳೆಯದಾದದ್ದನ್ನೆಲ್ಲ ಹುಡುಕಿ ಅಳಿಸುವುದು. ಜಿಪ್ ಬಿಚ್ಚಿದಾಗ ಫೈಲಿಗೆ ಬರುವುದು ಇಂದಿನ ಎಂ-ಟೈಮ್ ಅಲ್ಲ. ಜಿಪ್ ಕಟ್ಟುವ ಮೊದಲು ಇದ್ದ ಹಳೆಯದೇ. ಟಾರ್ ಕಟ್ಟು ಬಿಚ್ಚಿದರೂ ಹಾಗೆಯೇ. ಈಗ ತಾನೇ ಹುಟ್ಟಿದ ಫೈಲಿನ ಹಣೆಯ ಮೇಲೆ 2019 ಎಂದು ಬರೆದಿರುತ್ತದೆ. ಸಿಸ್ಟಮ್‌ಡಿಯಾದರೆ ಸಿ-ಟೈಮ್ ಇವತ್ತಿನದು ಎಂದು ಕಂಡು ಬಿಡುತ್ತಿತ್ತು. ಆ ಕ್ರಾನಿಗೆ ಕಣ್ಣು ಒಂದೇ.

ಬರೆದವರು ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತಂತೆ. ಅಷ್ಟು ದಿನ ತೊಂದರೆ ಕಾಣದಿದ್ದುದು ಏಕೆಂದರೆ, ಹಳೆಯ ಜಿಪ್ ಬಿಚ್ಚುವ ಕೆಲಸ ಶುರುವಾದದ್ದೇ ಆ ವಾರ.

ಇದೇ ಬಗೆಯ ಒಂದು ಸಾಲು ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಮಾಡಿದ್ದನ್ನು ನಮ್ಮ ವೃತ್ತಿಯವರು ಇನ್ನೂ ಮರೆತಿಲ್ಲ. 2021ರ ಡಿಸೆಂಬರ್ 14ರಿಂದ 16ರವರೆಗೆ ಅಲ್ಲಿ 77 ಟೆರಾಬೈಟ್, ಸುಮಾರು 3 ಕೋಟಿ 40 ಲಕ್ಷ ಫೈಲುಗಳು ಅಳಿಸಿಹೋದವು. 14 ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ನಾಲ್ಕು ತಂಡಗಳದ್ದನ್ನು ಬ್ಯಾಕಪ್‌ನಿಂದಲೂ ತರಲಾಗಲಿಲ್ಲ. ವೈರಸ್ಸೂ ಅಲ್ಲ, ಕಳ್ಳರೂ ಅಲ್ಲ. ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ಅಳಿಸುವ ಕೆಲಸವೂ ಸೇರಿದ್ದ ಬ್ಯಾಕಪ್ ಸ್ಕ್ರಿಪ್ಟ್ ಅದು. ಯಂತ್ರ ಒದಗಿಸಿದ್ದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಅದನ್ನು ಓದಲು ಸುಲಭವಾಗಲೆಂದು ತಿದ್ದಿತು. ತಿದ್ದಿದ್ದರಲ್ಲಿ ದೋಷವಿರಲಿಲ್ಲ. ಹಳೆಯ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಹೊಸದನ್ನು ಅದರ ಮೇಲೆ ಬರೆದರು. ಬ್ಯಾಶ್ ಎಂಬುದು ಸ್ಕ್ರಿಪ್ಟನ್ನು ಒಮ್ಮೆಗೇ ಓದಿ ಮುಗಿಸುವುದಿಲ್ಲ. ಹರಿಕಥೆ ದಾಸರು ಪುಟ ತಿರುಗಿಸಿದ ಹಾಗೆ, ಬೇಕಾದಷ್ಟು ಓದುತ್ತ ಹೋಗುತ್ತದೆ. ನಡುವೆ ಪುಸ್ತಕವೇ ಬದಲಾದರೆ? ಹಳೆಯ ಪುಟದಿಂದ ಹೊಸ ಪುಸ್ತಕದ ನಡುವಿಗೆ ಹಾರಿತು. ಯಾವ ಫೋಲ್ಡರಿನಲ್ಲಿ ಹುಡುಕಬೇಕು ಎಂದು ಹೇಳುವ ಸಾಲು ಓದದೆ ಉಳಿಯಿತು, ಹುಡುಕಿ ಅಳಿಸು ಎನ್ನುವ ಸಾಲು ಓದಲ್ಪಟ್ಟಿತು. ಲಾಗ್ ಫೋಲ್ಡರಿನ ಬದಲು ಸಂಶೋಧಕರ ಕೆಲಸವಿದ್ದ ಜಾಗವೇ ಗುಡಿಸಿಹೋಯಿತು. ಪೂರ್ತಿ ಹೊಣೆ ತಮ್ಮದೇ ಎಂದು ಕಂಪನಿ ಲಿಖಿತವಾಗಿ ಒಪ್ಪಿಕೊಂಡಿತು.

ನನ್ನ ಒಂದು ನಿಮಿಷವನ್ನು ಇದರ ಪಕ್ಕ ಇಟ್ಟು ನೋಡಿ ಸಮಾಧಾನ ಪಟ್ಟುಕೊಳ್ಳಲು ಯತ್ನಿಸಿದೆ. ಆಗಲಿಲ್ಲ.

ಅಳಿಸಿಯೇ ಇಲ್ಲದ ಫೈಲುಗಳು

ದೂರು ಬಂದಾಗ ನಾನು ಮೊದಲು ಕೇಳುವುದು, ಅದು ನಿಜಕ್ಕೂ ಅಳಿಸಿದೆಯೇ ಎಂದು. ವೆಬ್ ಸರ್ವರ್ ಟೆಂಪಿನಲ್ಲಿ ವರದಿ ಬರೆಯುತ್ತದೆ, ನೀವು ಹೋಗಿ ನೋಡಿದರೆ ಅಲ್ಲಿಲ್ಲ. ಯಾರೋ ಅಳಿಸಿದರು ಎಂದು ದೂರುವ ಮೊದಲು ಪ್ರೈವೇಟ್‌ಟೆಂಪ್ ಎಂಬ ಏರ್ಪಾಡನ್ನು ನೆನೆಯಬೇಕು. ಸಿಸ್ಟಮ್‌ಡಿ ಅನೇಕ ಸೇವೆಗಳಿಗೆ ಅವುಗಳದ್ದೇ ಪ್ರತ್ಯೇಕ ಟೆಂಪ್ ಕೊಡುತ್ತದೆ. ಸೇವೆಗೆ ತಾನು ಊರ ಛತ್ರದಲ್ಲೇ ಇದ್ದೇನೆ ಎಂಬ ಭ್ರಮೆ, ಇರುವುದು ಬಾಗಿಲು ಹಾಕಿದ ಕೋಣೆಯಲ್ಲಿ. ನಿಜವಾದ ಟೆಂಪಿನೊಳಗೆ ‘ಸಿಸ್ಟಮ್‌ಡಿ-ಪ್ರೈವೇಟ್’ ಎಂದು ಶುರುವಾಗುವ ಉದ್ದ ಹೆಸರಿನ ಫೋಲ್ಡರುಗಳನ್ನು ರೂಟ್ ಅಧಿಕಾರದಲ್ಲಿ ತೆರೆದು ನೋಡಿ, ಫೈಲು ಅಲ್ಲೇ ಆರಾಮವಾಗಿರುತ್ತದೆ. ಆದರೆ ಆ ಸೇವೆ ನಿಂತ ಕೂಡಲೇ ಆ ಕೋಣೆಯೂ ಹೋಗುತ್ತದೆ. ಹಾಗಾಗಿ ಸರ್ವರನ್ನು ‘ಒಮ್ಮೆ ರೀಸ್ಟಾರ್ಟ್ ಮಾಡಿ ನೋಡೋಣ’ ಎನ್ನುವ ಮೊದಲು ಫೈಲನ್ನು ಹೊರಗೆ ತಂದಿಡಿ.

ಇನ್ನು ಟೆಂಪ್ ಎಂಬುದು ಡಿಸ್ಕಿನಲ್ಲೇ ಇಲ್ಲದಿರಬಹುದು. ಫೆಡೋರಾದಲ್ಲಿ 2013ರಲ್ಲಿ ಬಂದ 18ನೇ ಆವೃತ್ತಿಯಿಂದ ಬರೀ ಟೆಂಪ್ ಇರುವುದು ರ‍್ಯಾಮಿನಲ್ಲಿ. ಕರೆಂಟು ಹೋದರೆ ಹತ್ತು ದಿನದ ಮಾತೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅದೇ ದಾರಿ ಹಿಡಿದಿದೆ. ಡೆಬಿಯನ್ನಿನ ಹಳಬರಿಗೆ ಇದು ಹೆಚ್ಚು ನೋವು ಕೊಡಬಹುದು. ಅಲ್ಲಿ ಇಷ್ಟು ವರ್ಷ ಬರೀ ಟೆಂಪ್ ಖಾಲಿಯಾಗುತ್ತಿದ್ದುದು ಕಂಪ್ಯೂಟರ್ ಹೊಸದಾಗಿ ಎದ್ದಾಗ ಮಾತ್ರ. ವಾರ್ ಟೆಂಪನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊಸದಾಗಿ 13ನ್ನು ಹಾಕಿಕೊಂಡವರಿಗೆ ಈಗ ಅಲ್ಲೂ 10 ಮತ್ತು 30 ದಿನದ ನಿಯಮ. ಹಳೆಯದರಿಂದ ಮೇಲೇರಿದವರಿಗೆ ಗುಡಿಸುವ ನಿಯಮ ಹಳೆಯದೇ ಉಳಿಯುವಂತೆ ನೋಡಿಕೊಂಡಿದ್ದಾರೆ. ಒಂದೇ ಆಫೀಸಿನ ಎರಡು ಡೆಬಿಯನ್ ಯಂತ್ರಗಳು ಎರಡು ರೀತಿ ನಡೆದುಕೊಂಡರೆ ತಲೆ ಕೆರೆದುಕೊಳ್ಳಬೇಡಿ.

ತಿರುಗುಮುರುಗಾದ ದೂರೂ ಬರುತ್ತದೆ: ಅಳಿಸಿದ್ದೇನೆ, ಆದರೂ ಡಿಸ್ಕ್ ತುಂಬಿಯೇ ಇದೆ. ಒಂದು ಪ್ರೋಗ್ರಾಮ್ ಫೈಲನ್ನು ತೆರೆದು ಹಿಡಿದಿರುವಾಗ ಅದನ್ನು ಅಳಿಸಿದರೆ ಲಿನಕ್ಸ್ ಅಳಿಸುವುದು ಹೆಸರನ್ನು ಮಾತ್ರ. ಒಳಗಿನದು, ಹಿಡಿದವನು ಕೈ ಬಿಡುವವರೆಗೂ ಇರುತ್ತದೆ. ಎಲ್‌ಎಸ್‌ಒಎಫ್ ಎಂಬ ಆದೇಶದಿಂದ ಹಾಗೆ ಹೆಸರು ಕಳೆದುಕೊಂಡ ಫೈಲುಗಳನ್ನು ಯಾರು ಹಿಡಿದಿದ್ದಾರೆಂದು ನೋಡಬಹುದು. ನನಗೆ ಇದು ಚುಚ್ಚುವ ವಿಷಯ. ಆ ಆರು ವಾರವೂ ಚಾರ್ಜರ್ ಹಾಕಿ, ಲ್ಯಾಪ್‌ಟಾಪನ್ನು ಎಚ್ಚರವಾಗಿಯೇ ಬಿಟ್ಟಿದ್ದರೆ, ಮೇಸ್ತ್ರಿ ಫೈಲನ್ನು ಗುಡಿಸಿದ್ದರೂ ಆಡಾಸಿಟಿ ಅದನ್ನು ಹಿಡಿದೇ ಇರುತ್ತಿತ್ತು. ‘ಪ್ರಾಕ್’ ಎಂಬ ಫೋಲ್ಡರಿನೊಳಗೆ ಆ ಪ್ರೋಗ್ರಾಮಿನ ಸಂಖ್ಯೆ ಹುಡುಕಿ, ಅದರ ‘ಎಫ್‌ಡಿ’ ಪಟ್ಟಿಯಿಂದ ಫೈಲನ್ನು ನಕಲು ಮಾಡಿಕೊಳ್ಳಬಹುದಿತ್ತು. ನನ್ನ ಕೆಲಸದಲ್ಲಿ ಹೀಗೆ ಬೇರೆಯವರ ಫೈಲು ಎರಡು ಸಲ ಉಳಿಸಿಕೊಟ್ಟಿದ್ದೇನೆ.

ಮೇಸ್ತ್ರಿಯ ಜೊತೆ ಮಾತುಕತೆ

ನಿಮ್ಮ ಯಂತ್ರದಲ್ಲಿ ನಿಯಮ ಏನಿದೆ ಎಂದು ತಿಳಿಯಲು ಸಿಸ್ಟಮ್‌ಡಿ-ಟೆಂಪ್‌ಫೈಲ್ಸ್ ಆದೇಶಕ್ಕೆ ‘ಕ್ಯಾಟ್-ಕಾನ್ಫಿಗ್’ ಎಂಬ ಆಯ್ಕೆ ಸೇರಿಸಿ. ಎಲ್ಲ ಮೂಲೆಗಳಲ್ಲಿರುವ ನಿಯಮಗಳನ್ನೂ ಒಟ್ಟಿಗೆ ತೋರಿಸುತ್ತದೆ. ಮುಂದಿನ ಗುಡಿಸುವಿಕೆ ಎಷ್ಟು ಹೊತ್ತಿಗೆ ಎಂಬುದು ಸಿಸ್ಟಮ್‌ಸಿಟಿಎಲ್‌ನ ಟೈಮರುಗಳ ಪಟ್ಟಿಯಲ್ಲಿ ಕಾಣುತ್ತದೆ. ಏನೇನು ಹೋಗಬಹುದು ಎಂದು ಮೊದಲೇ ನೋಡುವ ‘ಡ್ರೈ-ರನ್’ ಆಯ್ಕೆ 256ನೇ ಆವೃತ್ತಿಯಿಂದ ಬಂದಿದೆ. ಅದಕ್ಕೂ ಹಳೆಯದಾದರೆ ಪರೀಕ್ಷೆಗೆಂದು ‘ಕ್ಲೀನ್’ ಕೊಡಬೇಡಿ, ಅದು ಪರೀಕ್ಷೆಯಲ್ಲ, ನಿಜವಾಗಿಯೂ ಗುಡಿಸುತ್ತದೆ. ಸಿಸ್ಟಮ್‌ಡಿಯಲ್ಲದ ಬೇರೆ ಯಾರೋ ಅಳಿಸುತ್ತಿದ್ದಾರೆ ಎಂಬ ಅನುಮಾನವಿದ್ದರೆ ಕ್ರಾನ್ ಪಟ್ಟಿಗಳನ್ನು ಓದಿ. ಹಳೆಯ ರೆಡ್‌ಹ್ಯಾಟ್ ಯಂತ್ರಗಳಲ್ಲಿ ಟೆಂಪ್‌ವಾಚ್, ಡೆಬಿಯನ್ ಕಡೆ ಟೆಂಪ್‌ರೀಪರ್ ಎಂಬ ಹಳೆಯ ಕಾಲದ ಗುಡಿಸುವವರು ಇನ್ನೂ ಸಿಗುತ್ತಾರೆ. ಯಾರೂ ಸಿಗದಿದ್ದರೆ ಆಡಿಟ್ ಸೇವೆಗೆ ಆ ಫೋಲ್ಡರನ್ನು ಕಾಯಲು ಹೇಳಿ. ಮುಂದಿನ ಬಾರಿ ಅಳಿಸಿದವರ ಹೆಸರು, ಹೊತ್ತು, ಆದೇಶ ಎಲ್ಲವೂ ಬರವಣಿಗೆಯಲ್ಲಿ ಸಿಗುತ್ತದೆ.

ನಿಯಮ ಬದಲಿಸಬೇಕೆಂದರೆ ‘ಯುಎಸ್‌ಆರ್’ ಒಳಗಿರುವ ಮೂಲ ಫೈಲನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅದನ್ನು ತೊಳೆದು ಹಾಕುತ್ತದೆ. ‘ಇಟಿಸಿ’ ಒಳಗೆ ಟೆಂಪ್‌ಫೈಲ್ಸ್ ಡಾಟ್ ಡಿ ಎಂಬ ಫೋಲ್ಡರಿದೆ. ಅಲ್ಲಿ ‘ಡಾಟ್ ಕಾನ್ಫ್’ ಎಂದು ಮುಗಿಯುವ ನಿಮ್ಮದೇ ಹೆಸರಿನ ಫೈಲು ಮಾಡಿ, ಒಂದು ಸಾಲು ಬರೆದರೆ ಸಾಕು: ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರ, ಒಂದು ತೆರವು, ಆಮೇಲೆ ಉಳಿಸಬೇಕಾದ ಫೋಲ್ಡರಿನ ಪೂರ್ತಿ ವಿಳಾಸ. ಆ ಫೋಲ್ಡರನ್ನೂ ಅದರೊಳಗಿನದನ್ನೂ ಮೇಸ್ತ್ರಿ ಮುಟ್ಟುವುದಿಲ್ಲ. ದೊಡ್ಡ ಎಕ್ಸ್ ಬರೆದರೆ ಫೋಲ್ಡರು ಮಾತ್ರ ಉಳಿಯುತ್ತದೆ, ಒಳಗಿನದು ಹೋಗುತ್ತದೆ. ಒಂದಕ್ಷರದ ಗಾತ್ರದಲ್ಲಿ ಇಷ್ಟು ವ್ಯತ್ಯಾಸ ಇಟ್ಟವರಿಗೆ ನನ್ನ ನಮಸ್ಕಾರ.

ಇನ್ನೊಂದು ಎಚ್ಚರಿಕೆ. ಟೆಂಪ್‌ಫೈಲ್ಸ್ ಎಂಬ ಹೆಸರಿದೆ ಎಂದು ಅದು ತಾತ್ಕಾಲಿಕ ಫೈಲುಗಳನ್ನಷ್ಟೇ ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಕಂಪ್ಯೂಟರ್ ಏಳುವಾಗ ಬೇಕಾದ ಅನೇಕ ಫೋಲ್ಡರುಗಳನ್ನು, ಎಲ್ಲರ ಮನೆಯಾದ ‘ಹೋಮ್’ ಅನ್ನೂ ಸೇರಿಸಿ, ಇಲ್ಲದಿದ್ದರೆ ಹುಟ್ಟಿಸುವುದು ಅದರದೇ ಕೆಲಸ. 2024ರ ಜೂನ್‌ನಲ್ಲಿ ಬಂದ ಅದೇ 256ನೇ ಆವೃತ್ತಿಯಲ್ಲಿ ‘ಪರ್ಜ್’ ಎಂಬ ಹೊಸ ಆಯ್ಕೆ ಸೇರಿಸಿದರು: ನಿಯಮಗಳು ಹುಟ್ಟಿಸಿದ್ದನ್ನೆಲ್ಲ ಅಳಿಸು ಎಂದರ್ಥ. ತಾತ್ಕಾಲಿಕ ಕಸ ಹೋಗಲಿ ಎಂದು ಅದನ್ನು ಬಳಸಿದವರ ಹೋಮ್ ಪೂರ್ತಿ ಗುಡಿಸಿಹೋಯಿತು. ಗಲಾಟೆಯಾದ ಮೇಲೆ, ಯಾವ ನಿಯಮದ ಫೈಲು ಎಂದು ಹೆಸರಿಸದೆ ಪರ್ಜ್ ಕೊಟ್ಟರೆ ನಡೆಯದಂತೆ ತಿದ್ದಿದರು.

ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಎಕ್ಸ್ ಸಾಲನ್ನು ಬರೆದಿಲ್ಲ. ಬರೆದು ನೋಡಿ, ಮತ್ತೆ ತೆಗೆದೆ. ಛತ್ರವನ್ನು ಮನೆ ಮಾಡಿಕೊಳ್ಳುವುದು ಸರಿಯಲ್ಲ ಅನ್ನಿಸಿತು, ನಾಳೆ ಇನ್ನೊಂದು ಯಂತ್ರದಲ್ಲಿ ಆ ಸಾಲು ಇರುವುದೂ ಇಲ್ಲ. ಬದಲಿಗೆ ಕೆಂಪು ಗುಂಡಿ ಒತ್ತುವ ಮೊದಲೇ ಪ್ರಾಜೆಕ್ಟಿಗೆ ಹೆಸರು ಕೊಟ್ಟು ಹೋಮ್‌ನಲ್ಲಿ ಸೇವ್ ಮಾಡುತ್ತೇನೆ. ಹಾಗೆ ಮಾಡಿದರೆ ಆಡಾಸಿಟಿ ರೆಕಾರ್ಡಿಂಗನ್ನು ನೇರ ಆ ಫೈಲಿಗೇ ಬರೆಯುತ್ತದೆ. ಅದರ ಆದ್ಯತೆಗಳಲ್ಲಿ ಡೈರೆಕ್ಟರಿಗಳು ಎಂಬಲ್ಲಿ ತಾತ್ಕಾಲಿಕ ಜಾಗವನ್ನೂ ಹೋಮ್ ಒಳಗಿನ ಒಂದು ಫೋಲ್ಡರಿಗೆ ಬದಲಿಸಿದ್ದೇನೆ. ಮತ್ತೆ ಕತ್ತರಿ. ಅದನ್ನು ಟೇಪ್ ರೆಕಾರ್ಡರಿನ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಹರಿದ ಚೂರು ಎಷ್ಟೇ ಮುದುಡಿರಲಿ, ಈಗ ಒಂದು ಲಕೋಟೆಯೊಳಗೆ ಹೋಗುತ್ತದೆ.

ಅಂಟಿಸಿದ ಕ್ಯಾಸೆಟ್ಟನ್ನು ಮತ್ತೆ ಇಳಿಸಿ ಮಾವನ ಮೊಬೈಲಿಗೆ ಹಾಕಿಕೊಟ್ಟೆ. ಕಳೆದ ತಿಂಗಳು ಡೊಂಬಿವಲಿಗೆ ಹೋದಾಗ ಇಬ್ಬರೂ ಕೂತು ಕೇಳಿದೆವು. ಬಾಣ ನೆಟ್ಟ ವಾಲಿ ರಾಮನನ್ನು ಪ್ರಶ್ನಿಸುತ್ತಿದ್ದಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು. ಅಜ್ಜನ ದನಿ ನನ್ನ ನೆನಪಿಗಿಂತ ಸಣ್ಣದು. ಮೂವತ್ತೈದನೇ ನಿಮಿಷಕ್ಕೆ ವಾಲಿಯ ಮಾತು ಅರ್ಧಕ್ಕೇ ನಿಂತು, ರಾಮನ ಉತ್ತರ ನಡುವಿನಿಂದ ಶುರುವಾಯಿತು.

ಮಾವ ಕೈ ಎತ್ತಿ ನಿಲ್ಲಿಸಲು ಹೇಳಿದರು.

‘ಇಲ್ಲಿ ಅಪ್ಪ ಒಮ್ಮೆ ಕೆಮ್ಮಿದ್ದರು’ ಎಂದರು. ‘ನೀರು ಕೇಳಿದ್ದರು. ಭಾಗವತರು ಲೋಟ ಕೊಟ್ಟಿದ್ದರು.’

ಮತ್ತೆ ಹಾಕು ಎಂದರು. ಹಾಕಿದೆ. ಇನ್ನು 17 ಕ್ಯಾಸೆಟ್ ಬಾಕಿ ಇವೆ. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲವಾಗಿದೆ, ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಬೇಕು.